ಬೋಂಡ ತಿಂದು ಹೊರಟೋದ್ರೆ ಏನ್ ಮಾಡೋದು? ಹಳೇ ಪುಸ್ತಕದವರ ಪ್ರಶ್ನೋತ್ತರ

ಹೋದ ಸಂಚಿಕೇಲಿ ಹಳೇ ಪುಸ್ತಕ ಕೂಡಿಡೋರ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಪ್ಪಾಯ್ತು, ಟಪಾಲಲ್ಲಿ ವಾಟ್ಸಾಪಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ. ಆದಷ್ಟಕ್ಕೆ ಉತ್ತರ ಕೊಟ್ಟಿದೀನಿ.

ನಾವು ಏಳೆಂಟು ಜನ ಹಳೇ ಪುಸ್ತಕದ ಹುಚ್ಚಿರೋರು ತಿಂಗಳಿಗೊಂದ್ಸಲ ಸೇರೋಣ ಅಂತ ಶುರು ಮಾಡಿದ್ವಿ. ಮೊದಲ ಸಲ ಒಬ್ಬ ಮೇಷ್ಟ್ರನ್ನ ಕರೆಸಿ ಕನ್ನಡ ಮುದ್ರಣದ ಇತಿಹಾಸ ಅಂತ ಭಾಷಣ ಇಟ್ವಿ. ಒಂದೂವರೆ ಗಂಟೆ ಆಯ್ತು, ಅರ್ಧ ಜನ ಬೋಂಡ ತಿಂದು ಹೊರಟೋದ್ರು. ಮುಂದೇನು ಮಾಡೋದು ಸರ್?
— ಶಿವಮೊಗ್ಗದ ಓದುಗರು

ಅರ್ಧ ಜನ ಉಳಿದ್ರಲ್ಲ, ಅದೇ ಖುಷಿ ಪಡಿ. ಮೇಷ್ಟ್ರದ್ದೇನೂ ತಪ್ಪಿಲ್ಲ ಬಿಡಿ, ಪುಸ್ತಕದ ಹುಚ್ಚಿರೋರನ್ನ ಕೈಯಲ್ಲಿ ಪುಸ್ತಕ ಕೊಡದೆ ಒಂದೂವರೆ ಗಂಟೆ ಕೂರಿಸಿದ್ರೆ ಯಾರು ಕೂರ್ತಾರೆ ಹೇಳಿ. ಮುಂದಿನ ಸಲ ಭಾಷಣ ಬೇಡ. ಒಬ್ಬೊಬ್ರು ಒಂದೇ ಒಂದು ಪುಸ್ತಕ ತರಲಿ, ಹತ್ತು ನಿಮಿಷ ಅದರ ಬಗ್ಗೆ ಮಾತ್ರ ಮಾತಾಡ್ಲಿ. ಆ ಕಥೇನೋ ಕಾವ್ಯಾನೋ ಹೇಗಿದೆ ಅನ್ನೋದಲ್ಲ, ಆ ಪ್ರತಿ ಬಗ್ಗೆ. ಯಾರು ಅಚ್ಚು ಹಾಕಿದ್ರು, ಎಷ್ಟು ಪ್ರತಿ, ಬೆಲೆ ಮೇಲೆ ಚೀಟಿ ಅಂಟಿಸಿ ಯಾಕೆ ಜಾಸ್ತಿ ಮಾಡಿದ್ರು, ಒಳಗಡೆ ಯಾವ ಸ್ಕೂಲಿನ ಬಹುಮಾನದ ಲೇಬಲ್ ಇದೆ, ಹಿಂದಿನ ಮಾಲೀಕ ಎಲ್ಲಿ ಗೆರೆ ಎಳೆದಿದಾನೆ ಎಲ್ಲಿಗೆ ಓದು ನಿಲ್ಲಿಸಿದಾನೆ, ಇಂಥದ್ದು.

ಒಂದು ಉದಾಹರಣೆ ಕೊಡ್ತೀನಿ. ಮಂಗಳೂರ ಸಮಾಚಾರ ಅಂದ್ರೆ ಎಲ್ರಿಗೂ ಬಾಯಿಪಾಠ, 1843ರ ಜುಲೈ 1, ಹರ್ಮನ್ ಮೊಗ್ಲಿಂಗ್, ಮೊದಲ ಕನ್ನಡ ಪತ್ರಿಕೆ, ಮುಗೀತು. ಆದ್ರೆ ಅದರ ಒಂದು ಪುಟದ ಫೋಟೋನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮೇಜಿನ ಮೇಲಿಡಿ, ಅಕ್ಷರ ಯಾಕೆ ಕೈಬರಹದ ಥರ ಇದೆ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಯಾಕಂದ್ರೆ ಅದು ಕಲ್ಲಚ್ಚು. ಜಿಡ್ಡಿನ ಶಾಯೀಲಿ ಬರೆದಿದ್ದನ್ನ ನುಣ್ಣಗಿನ ಸುಣ್ಣದ ಕಲ್ಲಿನ ಮೇಲೆ ಮೂಡಿಸಿ ನೀರು ಸವರ್ತಾರೆ, ಜಿಡ್ಡಿದ್ದ ಕಡೆ ಮಸಿ ಹಿಡಿಯತ್ತೆ ಒದ್ದೆ ಕಲ್ಲಿಗೆ ಹಿಡಿಯಲ್ಲ, ಅಷ್ಟೇ ಉಪಾಯ. ನಮ್ಮ ಲಿಪೀಲಿ ಕಾಗುಣಿತ ಒತ್ತಕ್ಷರ ಎಲ್ಲ ಸೇರಿದ್ರೆ ನೂರಾರು ಅಚ್ಚುಮೊಳೆ ಎರಕ ಹೊಯ್ಬೇಕು, ಕಲ್ಲಿಗೆ ಆ ತಲೆನೋವಿಲ್ಲ, ಬರೆಯೋಕೆ ಒಳ್ಳೇ ಕೈ ಇದ್ರೆ ಸಾಕು. ಮಾರನೇ ವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಆಯ್ತು. ಈಗ ನೋಡಿ, ಅದೇ ಇತಿಹಾಸ, ಆದ್ರೆ ಬೋಂಡ ಆರಿದ್ರೂ ಯಾರೂ ಏಳಲ್ಲ.

ಕೆಲವು ಕಡೆ ಇಂಥ ಕೂಟಗಳು ಬರೀ ಜಂಭ ಕೊಚ್ಚೋ ಜಾಗ ಆಗ್ಬಿಡತ್ತೆ, ನಂದು ಅಷ್ಟಕ್ಕೆ ಬಂತು ನಿಂದು ಇಷ್ಟಕ್ಕೆ ಬಂತು ಅಂತ. ಲಂಡನ್ನಿನ ರಾಕ್ಸ್‌ಬರ್ಗ್ ಕ್ಲಬ್ ಹುಟ್ಟಿದ್ದೇ ಹಂಗೆ, 1812ರಲ್ಲಿ ಒಂದು ಹರಾಜಲ್ಲಿ 1471ರಲ್ಲಿ ಅಚ್ಚಾದ ಡೆಕಾಮೆರಾನ್ ಅನ್ನೋ ಇಟಾಲಿಯನ್ ಕಥೆ ಪುಸ್ತಕದ ಪ್ರತಿಗೆ 2260 ಪೌಂಡ್ ಕೂಗಿದ್ರು, ಆ ಸಂಭ್ರಮಕ್ಕೆ ಊಟಕ್ಕೆ ಸೇರಿದೋರೇ ಕ್ಲಬ್ ಮಾಡ್ಕೊಂಡ್ರು. ಆದ್ರೆ ಅವರದ್ದೊಂದು ಪದ್ಧತಿ ನಂಗೆ ಭಾರಿ ಇಷ್ಟ, ಸದಸ್ಯ ಆದೋನು ತನ್ನ ಖರ್ಚಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿ ಉಳಿದೋರಿಗೆ ಕೊಡ್ಬೇಕು. ನೀವು ಅಷ್ಟೆಲ್ಲ ಮಾಡೋದು ಬೇಡ, ತಂದ ಪುಸ್ತಕದ ಬಗ್ಗೆ ಒಂದು ಹಾಳೆ ಬರೆದು ಜೆರಾಕ್ಸ್ ಹಂಚಿದ್ರೂ ವರ್ಷಕ್ಕೆ ಒಂದು ಫೈಲ್ ಆಗತ್ತೆ. ರೇಟ್ ಮಾತು ಕಾಫಿ ಹೊತ್ತಿಗೆ. ಕಾಫಿ ಬೇರೆ ಮೇಜಿಗೆ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸೋರು ಒಬ್ರು ಬಂದೇ ಬರ್ತಾರೆ, ಅವರ ಪಕ್ಕ ನೀವೇ ಕೂತ್ಕೊಳಿ.

ನಮ್ಮ ಅಜ್ಜಾರ ಪೆಟ್ಟಿಗ್ಯಾಗ ಒಂದು ಪುಸ್ತಕ ಸಿಕ್ಕೈತ್ರಿ. ಇಸ್ವಿ ಎಲ್ಲೂ ಇಲ್ಲ, ಶ್ರೀಮುಖ ಸಂವತ್ಸರ ಅಂತಷ್ಟ ಐತಿ, ಬೆಲಿ 12 ಆಣೆ. ಎಷ್ಟು ಹಳೇದು ಅಂತ ಹ್ಯಾಂಗ ಗೊತ್ತು ಮಾಡೂದ್ರಿ?
— ಧಾರವಾಡದ ಓದುಗರು

ಇಂಥ ಪ್ರಶ್ನೆ ಬಂದ್ರೆ ನಂಗೆ ಹಬ್ಬ ನೋಡಿ. ಸಂವತ್ಸರ 60 ವರ್ಷಕ್ಕೊಮ್ಮೆ ಸುತ್ತತ್ತೆ, ಪ್ರಭವದಿಂದ ಎಣಿಸಿದ್ರೆ ಶ್ರೀಮುಖ ಏಳನೇದು, ಹಂಗಾಗಿ 1873-74, 1933-34, 1993-94 ಈ ಮೂರರಲ್ಲಿ ಒಂದು. ಆಣೆ ಲೆಕ್ಕ 1957ರ ಏಪ್ರಿಲ್ 1ಕ್ಕೆ ಹೋಯ್ತು, ಆದ್ರಿಂದ ಮೂರನೇದನ್ನ ಕೈಬಿಡಿ. ಉಳಿದ ಎರಡಕ್ಕೆ ಮುಖಪುಟದ ಹಿಂಬದಿ, ಇಲ್ಲಾಂದ್ರೆ ಕೊನೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ ನೋಡಿ, ಪ್ರೆಸ್ಸಿನ ಹೆಸರು ಊರು ಇರತ್ತೆ, 1867ರ ಕಾನೂನಿನ ಪ್ರಕಾರ ಅದನ್ನ ಹಾಕ್ಲೇಬೇಕಿತ್ತು. ಆ ಪ್ರೆಸ್ ಯಾವಾಗ ಶುರುವಾಯ್ತು ಅಂತ ನಿಮ್ಮೂರಿನ ಹಿರೀಕರು ಹೇಳ್ತಾರೆ. ನಂಗೇನೋ 1933 ಅಂತಲೇ ಅನ್ಸತ್ತೆ, ನಿಮ್ಮೂರಿನ ಮನೋಹರ ಗ್ರಂಥಮಾಲೆ ಶುರುವಾಗಿದ್ದೂ ಅದೇ ವರ್ಷ, ಓದೋರು ಕೊಳ್ಳೋರು ಇದ್ದ ಕಾಲ. ಒಂದು ಹುಷಾರು, ಸಂವತ್ಸರ ಬದಲಾಗೋದು ಯುಗಾದಿಗೆ, ಜನವರಿಗಲ್ಲ, ಮಾಘ ಫಾಲ್ಗುಣ ಅಂತ ಇದ್ರೆ 1934 ಅಂತ ಬರ್ಕೊಳಿ.

ಬೇರೆಯೋರಿಗೂ ಉಪಯೋಗ ಆಗ್ಲಿ ಅಂತ ಹೇಳ್ತೀನಿ. ಬೆಲೆ ನಯಾ ಪೈಸೇಲಿದ್ರೆ 1957ರಿಂದ 1964ರ ಒಳಗಿಂದು. ವಿಳಾಸ ಬರೀ ಬೆಂಗಳೂರು-4 ಅಂತಿದ್ರೆ ಬಹುಶಃ 1972ರ ಆಗಸ್ಟ್‌ಗಿಂತ ಮುಂಚಿಂದು, ಆರಂಕಿ ಪಿನ್‌ಕೋಡ್ ಬಂದಿದ್ದು ಆವಾಗ, ಆದ್ರೆ ಹಳೇ ಅಭ್ಯಾಸ ಬಿಡದೋರು ಆಮೇಲೂ ಹಂಗೇ ಹಾಕ್ತಿದ್ರು. ಮೈಸೂರು ರಾಜ್ಯ ಅಂತಿದ್ರೆ 1973ರ ನವೆಂಬರ್‌ಗೆ ಮುಂಚೆ.

ನಮ್ಮಲ್ಲಿ 1894ರ ಕಿಟ್ಟೆಲ್ ನಿಘಂಟು ಉಂಟು ಮಾರಾಯ್ರೇ. ಮೊದಲ ಮುದ್ರಣವೇ ಅಂತ ಹೇಗೆ ಹೇಳುವುದು?
— ಮಂಗಳೂರಿನ ಓದುಗರು

ಮುಖಪುಟದ 1894 ನೋಡಿ ಮೋಸ ಹೋಗ್ಬೇಡಿ. ಅದರ ಯಥಾಪ್ರತಿ ಮರುಮುದ್ರಣ ದೆಹಲಿಯಿಂದ ಬಂದಿದೆ, ಅಂಥದ್ರಲ್ಲಿ ಹಳೇ ಮುಖಪುಟವೇ ಇರತ್ತೆ. ಪುಟ ಸವರಿ ನೋಡಿ, ಹಳೇದಾದ್ರೆ ಅಚ್ಚುಮೊಳೆ ಒತ್ತಿದ ತಗ್ಗು ಬೆರಳಿಗೆ ತಾಕತ್ತೆ, ಮೊಳೆ ಒತ್ತದ ಈಚಿನ ಆಫ್‌ಸೆಟ್ ಅಚ್ಚಾದ್ರೆ ನೆಲ ಸಾರಿಸಿದ ಹಂಗೆ ನಯ. 1700ಕ್ಕೂ ಹೆಚ್ಚು ಪುಟದ ಆ ಪುಸ್ತಕ ಬಾಸೆಲ್ ಮಿಷನ್ ನಿಮ್ಮೂರಲ್ಲೇ ಅಚ್ಚು ಹಾಕಿದ್ದು. ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿ ಮಿಷನ್ನಿನ ದಾಖಲೆ ಸಂಗ್ರಹ ಇದೆ, ಒಂದ್ಸಲ ಅಲ್ಲಿ ವಿಚಾರಿಸಿ, ಆಮೇಲೆ ಬೇಕಾದ್ರೆ ವ್ಯಾಪಾರಿ ಹತ್ರ ಮಾತಾಡಿ.

ಪುಟ ಹರೀತಿದೆ, ಲ್ಯಾಮಿನೇಷನ್ ಮಾಡಿಸ್ಲಾ?
— ತುಮಕೂರಿನ ಓದುಗರು

ಬೇಡ ಬೇಡ ಬೇಡ. ಸೆಲ್ಲೋಟೇಪೂ ಬೇಡ, ಅದರ ಗೋಂದು ಕಂದು ಕಲೆ ಆಗಿ ಇಳಿಯತ್ತೆ, ಆಮೇಲೆ ದೇವರೂ ತೆಗೆಯಲ್ಲ. ನನ್ನದೇ ಕಥೆ ಹೇಳ್ತೀನಿ. ನಮ್ಮ ತಾತನ ಒಂದು ಜೈಮಿನಿ ಭಾರತ ಇತ್ತು, ಅಂಚಲ್ಲಿ ಪೆನ್ಸಿಲಲ್ಲಿ ಯಾವ ಪದ್ಯಕ್ಕೆ ಯಾವ ರಾಗ ಅಂತ ಬರ್ಕೊಂಡಿದ್ರು. ಒಬ್ಬ ಬೈಂಡರಿಗೆ ಹೊಸ ರಟ್ಟು ಹಾಕಿ ಅಂತ ಕೊಟ್ಟೆ, ಅವನು ಅಚ್ಚುಕಟ್ಟಾಗಿರ್ಲಿ ಅಂತ ಮೂರೂ ಕಡೆ ಕಟಿಂಗ್ ಮೆಷಿನ್ನಿಗೆ ಕೊಟ್ಟ. ಪುಸ್ತಕ ಇಟ್ಟಿಗೆ ಥರ ನೀಟಾಗಿ ವಾಪಸ್ ಬಂತು. ಈಗ ಪುಟ ತೆಗೆದ್ರೆ "ಕಾಂಭೋ" ಅಂತಷ್ಟೇ ಕಾಣತ್ತೆ, "ಜಿ" ಅವನ ಕಸದ ಬುಟ್ಟೀಲಿ. ತಪ್ಪು ನಂದೇ, ಅಂಚು ಮುಟ್ಬೇಡಿ ಅಂತ ಒಂದು ಮಾತು ಹೇಳಿರ್ಲಿಲ್ಲ. ಸದ್ಯಕ್ಕೆ ಹರಿದ ಪುಟಾನ ಆ್ಯಸಿಡ್ ಇಲ್ಲದ ಕಾಗದದ ಕವರಲ್ಲಿ ಹಾಕಿ, ಬಿಸಿಲು ತೇವ ಎರಡೂ ತಾಕದ ಕಡೆ ಇಡಿ.

ಅಮೆರಿಕದಲ್ಲಿದೀವಿ. ಊರಿನ ಮನೇಲಿರೋ ತಾಳೆಗರಿ ಕಟ್ಟು ಇಲ್ಲಿಗೆ ತಂದು ನಮ್ಮ ಕನ್ನಡ ಕೂಟದಲ್ಲಿ ತೋರಿಸ್ಬೋದಾ?
— ನ್ಯೂಜೆರ್ಸಿಯ ಓದುಗರು

ಸೂಟ್‌ಕೇಸಿಗೆ ಹಾಕೋ ಮುಂಚೆ ಕೇಳಿದ್ರಲ್ಲ, ಪುಣ್ಯ. ಬೆಲೆ ಬಾಳೋ ವಿಷಯದ ಹಸ್ತಪ್ರತಿ 75 ವರ್ಷಕ್ಕಿಂತ ಹಳೇದಾದ್ರೆ 1972ರ ಕಾಯಿದೆ ಪ್ರಕಾರ ಅದು ಪ್ರಾಚ್ಯವಸ್ತು, ಖಾಸಗಿಯಾಗಿ ದೇಶದಿಂದ ಆಚೆ ಒಯ್ಯೋ ಹಂಗಿಲ್ಲ. ಮುಂದಿನ ರಜೆಗೆ ಬಂದಾಗ ಒಂದೊಂದೇ ಗರಿ ಹಗಲು ಬೆಳಕಲ್ಲಿ ಫೋಟೋ ತೆಗೀರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಮೈಸೂರಲ್ಲಿ 1891ರಿಂದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ, ಅರ್ಥಶಾಸ್ತ್ರದ ತಾಳೆಗರಿ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದಿದ್ದು ಅಲ್ಲೇ, ನಿಮ್ಮ ಕಟ್ಟಲ್ಲಿ ಏನಿದೆ ಅಂತ ಓದೋರು ಬೇಕಿದ್ರೆ ಅಲ್ಲಿ ಹೋಗಿ ವಿಚಾರಿಸಿ. ಕೂಟಕ್ಕೆ ಫೋಟೋ ಸಾಕು. ಗರಿಗೆ ಪೋಣಿಸಿರೋ ದಾರ ಮಾತ್ರ ಬಿಚ್ಚೋಕೆ ಮುಂಚೆ ಹೆಂಗಿತ್ತು ಅಂತ ಒಂದು ಫೋಟೋ ಹೊಡ್ಕೊಳಿ, ಆಮೇಲೆ ಯಾವ ಗರಿ ಮುಂದೆ ಯಾವುದು ಹಿಂದೆ ಅಂತ ಕೂತು ಅಳೋದು ಬೇಡ.