ಇಂಜಿನ್ ಬಿಚ್ಚಿದ ಕೂಡಲೇ ತೊಳೆಯಬೇಡಿ, ಮೊದಲು ನೋಡಿ

ಪ್ರಶ್ನೆ: ನನ್ನದು 2008ರ ಮಾಡೆಲ್ ಡೀಸೆಲ್ ಪಿಕಪ್. ಯಶವಂತಪುರ ಎಪಿಎಂಸಿಯಿಂದ ಈರುಳ್ಳಿ, ಆಲೂಗಡ್ಡೆ ಲೋಡ್ ಹೊಡೆಯುತ್ತೇನೆ. ಈಗ ಎಳೆತ ಕಮ್ಮಿಯಾಗಿದೆ, ನೀಲಿ ಹೊಗೆ ಬರುತ್ತಿದೆ, ಆಯಿಲ್ ಹಾಕಿದಷ್ಟೂ ಕುಡಿಯುತ್ತಿದೆ. ಮೆಕ್ಯಾನಿಕ್ ಹೊಗೆ ನೋಡಿದವರೇ ‘ಹಾಫ್ ಇಂಜಿನ್ ಕೆಲಸ, ಕಿಟ್ ತಂದುಬಿಡಿ’ ಎಂದರು. ಭಾವನ ಶೆಡ್‌ನಲ್ಲಿ ಚೈನ್ ಪುಲ್ಲಿ ಇದೆ, ನಾವೇ ಬಿಚ್ಚೋಣ ಅಂತಿದ್ದೇವೆ. ಏನೇನು ನೋಡಬೇಕು?
— ಓದುಗರು, ಲಗ್ಗೆರೆ

ಉತ್ತರ: ಕಿಟ್ ಅಂದರೆ ಪಿಸ್ಟನ್, ರಿಂಗ್, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಇವುಗಳ ಸೆಟ್; ಇಂಜಿನ್ ಬಿಚ್ಚಿ ಅವನ್ನು ಬದಲಾಯಿಸೋದೇ ಹಾಫ್ ಇಂಜಿನ್ ಕೆಲಸ. ಅದನ್ನು ತರಲು ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಈಗಲೇ ಓಡಬೇಡಿ. ಯಾವ ಸೈಜಿನ ಕಿಟ್ ಬೇಕು ಅನ್ನೋದು ಬಿಚ್ಚಿ ಅಳೆಯುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಬಿಚ್ಚಲೇಬೇಕಾ ಅನ್ನೋದನ್ನೂ ಮೊದಲು ಖಾತ್ರಿ ಮಾಡಿಕೊಳ್ಳಿ. ಇಂಜಿನ್ ಬಿಸಿಯಾದ ಮೇಲೆ ಸ್ಲೋದಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಬುಸ್ ಬುಸ್ ಅಂತ ಹೊಗೆ ಒತ್ತಿಕೊಂಡು ಬಂದರೆ ಅದು ಬ್ಯಾಕ್ ಕಂಪ್ರೆಷನ್, ಅಂದರೆ ಉರಿದ ಗ್ಯಾಸ್ ರಿಂಗ್ ದಾಟಿ ಕೆಳಗೆ ಸೋರುತ್ತಿದೆ. ಆದರೆ ಬ್ರೀದರ್ ಪೈಪ್ (ಇಂಜಿನ್ ಒಳಗಿನ ಹೊಗೆ ಹೊರಹೋಗುವ ಪೈಪ್) ಕಟ್ಟಿಕೊಂಡಿದ್ದರೂ ಹೀಗೇ ಆಗುತ್ತದೆ, ಅದನ್ನು ಬಿಚ್ಚಿ ಊದಿ ನೋಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ, ಇಲ್ಲವೇ ಇಳಿಜಾರು ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನೀಲಿ ಹೊಗೆ ಬರುತ್ತಿದ್ದರೆ ಅನುಮಾನ ವಾಲ್ವ್ ಗೈಡ್, ಸೀಲ್‌ಗಳ ಮೇಲೆ. ಅವು ಇರೋದು ಇಂಜಿನ್‌ನ ಮೇಲ್ಭಾಗವಾದ ಹೆಡ್‌ನಲ್ಲಿ, ಹಾಗಾಗಿ ಹೆಡ್ ಕೆಲಸದಲ್ಲೇ ಮುಗಿಯಬಹುದು. ಟರ್ಬೊ ಇರುವ ಗಾಡಿಯಾದರೆ ಅದರ ಪೈಪ್ ಒಳಗೆ ಬೆರಳು ಹಾಕಿ ನೋಡಿ. ಆಯಿಲ್ ತೊಟ್ಟಿಕ್ಕುವಷ್ಟಿದ್ದರೆ ಕಳ್ಳ ಅಲ್ಲೇ ಇರಬಹುದು.

ಇಷ್ಟಾದ ಮೇಲೂ ಬಿಚ್ಚಬೇಕು ಅಂತಾದರೆ ನನ್ನದು ಒಂದೇ ಬೇಡಿಕೆ: ಯಾವುದನ್ನೂ ತೊಳೆಯಬೇಡಿ. ನಮ್ಮ ಹುಡುಗರಿಗೆ ಪಾರ್ಟ್ ಕೈಗೆ ಸಿಕ್ಕ ಕೂಡಲೇ ಡೀಸೆಲ್ ಟ್ರೇಗೆ ಮುಳುಗಿಸಿ ಬ್ರಷ್ ಹಾಕುವ ಅಭ್ಯಾಸ. ಇಂಜಿನ್ ಯಾಕೆ ಸವೆಯಿತು ಅನ್ನೋ ಸುಳಿವೆಲ್ಲ ಆ ಟ್ರೇಗೇ ಹೋಗುತ್ತದೆ.

ಮೊದಲು ಆಯಿಲ್ ಇಳಿಸಿ, ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ತಟ್ಟೆ) ತಳದ ಮಡ್ಡಿಯಲ್ಲಿ ಅಯಸ್ಕಾಂತ ಆಡಿಸಿ. ಅಂಟಿಕೊಳ್ಳೋದು ಕಬ್ಬಿಣ, ಉಕ್ಕು: ಲೈನರ್, ರಿಂಗ್, ಗೇರ್, ಕ್ಯಾಮ್ ಇವುಗಳದ್ದು. ಅಂಟದ ಹೊಳೆಯುವ ಪುಡಿ ಪಿಸ್ಟನ್‌ನದ್ದೋ ಬೇರಿಂಗ್‌ನದ್ದೋ ಇರುತ್ತದೆ. ಹಳೆ ಫಿಲ್ಟರನ್ನೂ ಕತ್ತರಿಸಿ, ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ತಾಮ್ರದ ಮಿಂಚು ಕಂಡರೆ ಬೇರಿಂಗ್ ಮೇಲಿನ ಪದರ ಹೋಗಿದೆ ಅಂತ ಲೆಕ್ಕ.

ಹೆಡ್ ಬೋಲ್ಟ್‌ಗಳನ್ನು ಇಂಜಿನ್ ಪೂರ್ತಿ ತಣ್ಣಗಾದ ಮೇಲೇ ಸಡಿಲಿಸಿ. ಎರಡೂ ತುದಿಯಿಂದ ಶುರು ಮಾಡಿ ನಡುವಿಗೆ ಬನ್ನಿ, ಒಂದೇ ಸಲಕ್ಕೆ ಪೂರ್ತಿ ಬಿಚ್ಚದೆ ಎರಡು ಮೂರು ಸುತ್ತಿನಲ್ಲಿ. ಹೆಡ್ ಎತ್ತಿದ ಮೇಲೆ ಪಿಸ್ಟನ್ ತಲೆಗಳನ್ನು ಸಾಲಾಗಿ ನೋಡಿ. ನಾಲ್ಕರಲ್ಲೂ ಒಣ ಕಪ್ಪು ಮಸಿ ಇದ್ದರೆ ಸರಿ. ಒಂದರಲ್ಲಿ ಮಾತ್ರ ಒದ್ದೆ ಆಯಿಲ್ ಮಸಿ ಇದ್ದರೆ ಆಯಿಲ್ ಹತ್ತುತ್ತಿರೋದು ಅಲ್ಲಿ. ಒಂದು ಪಿಸ್ಟನ್ ತೊಳೆದಿಟ್ಟ ಹಾಗೆ ಬೆಳ್ಳಗಿದ್ದರೆ ಅಲ್ಲಿಗೆ ನೀರು ನುಗ್ಗುತ್ತಿತ್ತು ಅಂತ ಅನುಮಾನಿಸಿ. ಗ್ಯಾಸ್ಕೆಟ್ಟನ್ನು ಬಿಸಾಕಬೇಡಿ, ಅದೇ ಜಾಗದಲ್ಲಿ ಸುಟ್ಟ ಗುರುತು ಇದೆಯಾ ನೋಡಿ. ಹೆಡ್ಡನ್ನು ಲೇತ್‌ನಲ್ಲಿ (ಇಂಜಿನ್ ಭಾಗಗಳನ್ನು ಅಳೆದು ಕಡೆಯುವ ವರ್ಕ್‌ಶಾಪ್) ಪ್ರೆಷರ್ ಹಾಕಿ ಚೆಕ್ ಮಾಡಿಸಿ. ಎರಡು ವಾಲ್ವ್‌ಗಳ ನಡುವಿನ ಸಣ್ಣ ಬಿರುಕು ಬರಿಗಣ್ಣಿಗೆ ಕಾಣದೇ ಹೋಗಬಹುದು.

ಈಗ ಲೈನರ್. ಬಾಯಿಂದ ಸ್ವಲ್ಪ ಕೆಳಗೆ ಉಗುರು ಎಳೆಯಿರಿ, ಟಕ್ ಅಂತ ಒಂದು ಅಂಚು ತಡೆಯುತ್ತದೆ. ಮೇಲಿನ ರಿಂಗ್ ಹತ್ತಿ ನಿಂತು ತಿರುಗುವ ಜಾಗ ಅದು. ಅಲ್ಲಿ ಬಿಸಿ ಜಾಸ್ತಿ, ಒತ್ತಡ ಜಾಸ್ತಿ, ಆಯಿಲ್ ಪದರ ತೆಳು. ಹಾಗಾಗಿ ಲೈನರ್ ಅಲ್ಲೇ ಹೆಚ್ಚು ಸವೆಯುತ್ತದೆ, ರಿಂಗ್ ಮುಟ್ಟದ ಮೇಲಿನ ಪಟ್ಟಿ ಹಾಗೇ ಉಳಿಯುತ್ತದೆ. ಪಿಸ್ಟನ್ ಮತ್ತೆ ಬಳಸುವ ಯೋಚನೆ ಇದ್ದರೆ ಈ ಅಂಚನ್ನು ರೀಮರ್‌ನಿಂದ ತೆಗೆದ ಮೇಲೇ ಪಿಸ್ಟನ್ ಮೇಲೆ ತಳ್ಳಿ. ಸುಮ್ನೆ ಸುತ್ತಿಗೆ ಹಿಡಿಯಿಂದ ಗುದ್ದಿದರೆ ಪಿಸ್ಟನ್‌ನಲ್ಲಿ ರಿಂಗ್ ಕೂರುವ ತೋಡು ಒಡೆಯುತ್ತದೆ.

ಬೋರ್ (ಲೈನರ್ ಒಳಗಿನ ಅಗಲ) ಅಳೆಯುವ ಗೇಜ್ ಇಲ್ಲದಿದ್ದರೂ ಸವೆತ ಅಳೆಯಬಹುದು. ಒಂದು ರಿಂಗ್ ತೆಗೆದುಕೊಳ್ಳಿ, ಹಳೆಯದಾದರೂ ಸಾಕು. ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ ಲೈನರ್‌ನ ತಳದಲ್ಲಿ, ಅಂದರೆ ರಿಂಗ್ ಓಡಾಡದ ಜಾಗದಲ್ಲಿ ಕೂರಿಸಿ. ರಿಂಗ್ ಬಾಯಿಯ ಸಂದನ್ನು ಫೀಲರ್ ಗೇಜ್‌ನಿಂದ (ಗೊತ್ತಾದ ದಪ್ಪದ ತೆಳು ಪಟ್ಟಿಗಳು) ಅಳೆಯಿರಿ. ಆಮೇಲೆ ಅದೇ ರಿಂಗನ್ನು ಮೇಲಿನ ಅಂಚಿನ ಕೆಳಗೆ ಕೂರಿಸಿ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರ್ ಎಷ್ಟು ಅಗಲವಾಗಿದೆ ಅಂತ ಸಿಗುತ್ತದೆ. ಕೆಳಗೆ 0.40 ಮಿ.ಮೀ., ಮೇಲೆ 1.00 ಮಿ.ಮೀ. ಬಂತು ಅನ್ನಿ: 0.60 ಭಾಗಿಸು 3.14, ಅಂದರೆ 0.19 ಮಿ.ಮೀ. ಸವೆತ. ಇಷ್ಟಿದ್ದರೆ ಬರೀ ಹೊಸ ರಿಂಗ್ ಹಾಕಿ ಮುಚ್ಚುವ ಮಾತೇ ಬೇಡ. ಎಷ್ಟರ ತನಕ ನಡೆಯುತ್ತದೆ ಅನ್ನೋದನ್ನು ನಿಮ್ಮ ಇಂಜಿನ್‌ನ ಮ್ಯಾನುಯಲ್‌ನಲ್ಲೇ ನೋಡಿ. ಬೊಲೆರೊ ಪಿಕಪ್‌ನ 2523 ಸಿಸಿ ಇಂಜಿನ್‌ನ ಬೋರ್ 88.9 ಮಿ.ಮೀ., ಟಾಟಾ 207ರ 2956 ಸಿಸಿಯದ್ದು 97. ಒಂದರ ಲೆಕ್ಕ ಇನ್ನೊಂದಕ್ಕೆ ಕೂರುವುದಿಲ್ಲ.

ಇನ್ನು ಕನೆಕ್ಟಿಂಗ್ ರಾಡ್, ಅಂದರೆ ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕ್ ಶಾಫ್ಟ್‌ಗೆ ಸೇರಿಸುವ ಕಡ್ಡಿ. ಬಿಚ್ಚುವ ಮೊದಲೇ ರಾಡ್‌ಗೂ ಕ್ಯಾಪ್‌ಗೂ ಒಂದೇ ಕಡೆ ನಂಬರ್ ಪಂಚ್ ಹೊಡೆಯಿರಿ. ಜೋಡಿಯಾಗಿಯೇ ಬೋರ್ ಮಾಡಿರುವ ತುಂಡುಗಳು ಅವು, ಅದಲು ಬದಲಾದರೆ ಗುಂಡಗೆ ಕೂರುವುದಿಲ್ಲ. ಬೇರಿಂಗ್‌ಗಳನ್ನೂ ಅದೇ ಕ್ರಮದಲ್ಲಿ ಒಂದು ರಟ್ಟಿನ ಮೇಲೆ ಜೋಡಿಸಿ. ಉದ್ದಕ್ಕೂ ಗೀರು ಇದ್ದರೆ ಕಸ ಒಳಗೆ ಹೋಗಿದೆ. ಒಂದು ಅಂಚು ಮಾತ್ರ ಸವೆದಿದ್ದರೆ ರಾಡ್ ಬಾಗಿರಬಹುದು. ಬೂದು ಬಣ್ಣ ಹೋಗಿ ತಾಮ್ರ ಕಂಡರೆ ಅದರ ಕಥೆ ಮುಗಿದಿದೆ. ಕ್ರ್ಯಾಂಕ್ ಗ್ರೈಂಡ್ ಆದರೆ ಸಾಮಾನ್ಯವಾಗಿ 0.25 ಮಿ.ಮೀ. ಲೆಕ್ಕದಲ್ಲಿ ಸೈಜ್ ಇಳಿಯುತ್ತದೆ. ಲೇತ್‌ನವರು ಅಳತೆ ಕೊಟ್ಟ ಮೇಲೆ ಬೇರಿಂಗ್ ತನ್ನಿ ಅನ್ನೋದು ಇದಕ್ಕೇ.

ಕೊನೆಗೆ, ಬಹಳ ಜನ ಮರೆಯುವ ಜಾಗ: ಏರ್ ಫಿಲ್ಟರ್‌ನಿಂದ ಇಂಜಿನ್‌ಗೆ ಬರುವ ರಬ್ಬರ್ ಪೈಪ್. ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಕೆಂಪು ಮಣ್ಣು ಹತ್ತಿದರೆ ನಿಮ್ಮ ಲೈನರ್ ತಿಂದದ್ದು ಅದೇ ಧೂಳು. ರಸ್ತೆ ಅಗೆತ ಮುಗಿಯದ ಈ ಊರಲ್ಲಿ ಧೂಳಿಗೇನು ಬರ, ಅಲ್ವಾ? ಪೈಪ್ ಸೀಳಿರುತ್ತದೆ, ಕ್ಲಾಂಪ್ ಸಡಿಲವಿರುತ್ತದೆ, ಇಲ್ಲವೇ ಫಿಲ್ಟರ್ ಸರಿಯಾಗಿ ಕೂತಿರುವುದಿಲ್ಲ. ಅದನ್ನು ಬಿಟ್ಟು ಸಾವಿರಗಟ್ಟಲೆ ಸುರಿದು ಕಿಟ್ ಹಾಕಿದರೆ ಹೊಸ ಲೈನರನ್ನೂ ಅದೇ ಧೂಳು ತಿನ್ನುತ್ತದೆ. ಗಿರಾಕಿ ‘ಕಂಪನಿ ಕಿಟ್ ಅಲ್ಲ’ ಅಂತ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ.

ಪ್ರಶ್ನೆ: ಬಿಚ್ಚಿ ಕೂರುವ ಬದಲು ಶಿವಾಜಿನಗರ ಗುಜರಿಯಲ್ಲಿ ಹಳೆ ಇಂಜಿನ್ ತಂದು ಇಳಿಸಿಬಿಟ್ಟರೆ ಆಗದೇ?
— ಓದುಗರು, ಕೆಂಗೇರಿ

ಉತ್ತರ: ಆಗುತ್ತದೆ. ಆದರೆ ಇಂಜಿನ್ ನಂಬರ್ ಆರ್‌ಸಿಯಲ್ಲಿದೆ. ಬೇರೆ ಬ್ಲಾಕ್ ಕೂರಿಸಿದರೆ ಆರ್‌ಟಿಒದಲ್ಲಿ ಬರೆಸಲೇಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಗಾಡಿಯ ಬದಲಾವಣೆಗಳಿಗೆ ಸಂಬಂಧಿಸಿದ್ದು. ಬರೆಸದೆ ಬಿಟ್ಟರೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋದಾಗಲೋ ಇನ್ಶೂರೆನ್ಸ್ ಕ್ಲೇಮ್‌ನಲ್ಲೋ ಸಿಕ್ಕಿಬೀಳುತ್ತೀರಿ. ಬಿಲ್ ಇಲ್ಲದ, ನಂಬರ್ ಉಜ್ಜಿರುವ ಬ್ಲಾಕ್ ಎಷ್ಟೇ ಅಗ್ಗವಾದರೂ ಬೇಡ. ಚೇಂಬರ್ ಬಿಚ್ಚಿ ತೋರಿಸಿ ಅಂತ ಕೇಳಿ. ಒಪ್ಪದಿದ್ದರೆ ಕಬ್ಬಿಣದ ತೂಕದ ಬೆಲೆಗಿಂತ ಜಾಸ್ತಿ ಕೊಡಬೇಡಿ. ನನ್ನ ಕೇಳಿದರೆ, ಬ್ಲಾಕ್ ಒಡೆಯದಿದ್ದರೆ ನಿಮ್ಮದನ್ನೇ ರಿಪೇರಿ ಮಾಡಿಸೋದು ಲೇಸು.

ಪ್ರಶ್ನೆ: ಹೆಡ್ ಬಿಚ್ಚಿದಾಗ ನೀರಿನ ದಾರಿಯಲ್ಲಿ ತುಕ್ಕಿನ ಕೆಸರು, ಸುಣ್ಣದಂಥ ಬಿಳಿ ಪದರ ಸಿಕ್ಕಿತು. ನಮ್ಮೂರಲ್ಲಿ ಹಿಮ ಬೀಳುವುದಿಲ್ಲವಲ್ಲ, ಕೂಲಂಟ್ ಯಾಕೆ ಬೇಕು?
— ಓದುಗರು, ಹೆಸರಘಟ್ಟ ರಸ್ತೆ

ಉತ್ತರ: ಆ ಬಿಳಿ ಪದರ ಬೋರ್‌ವೆಲ್ ನೀರಿನದ್ದು. ಗೀಸರ್ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಅದೇ. ಲೈನರ್ ಹಿಂದೆ ಕಟ್ಟಿಕೊಂಡರೆ ಬಿಸಿ ನೀರಿಗೆ ಇಳಿಯುವುದಿಲ್ಲ. ಗೇಜ್ ಸರಿಯಾಗೇ ತೋರಿಸುತ್ತಿದ್ದರೂ ಒಳಗೆ ಲೈನರ್ ಸುಡುತ್ತಿರುತ್ತದೆ. ಕೂಲಂಟ್‌ನ ಕೆಲಸ ಹಿಮ ತಡೆಯೋದು ಮಾತ್ರ ಅಲ್ಲ. ತುಕ್ಕು ತಡೆಯುತ್ತದೆ, ಕುದಿಯುವ ಬಿಸಿಯನ್ನೂ ಮೇಲೇರಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಮುಚ್ಚಳದ ಒತ್ತಡ ಇಲ್ಲದಿದ್ದರೆ ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಸ್ಪ್ರಿಂಗ್ ಸತ್ತ ರೇಡಿಯೇಟರ್ ಮುಚ್ಚಳವನ್ನೂ ಬದಲಾಯಿಸಿ. ಬ್ಲಾಕ್ ಲೇತ್‌ಗೆ ಹೋದಾಗಲೇ ವೆಲ್ಚ್ ಪ್ಲಗ್ (ಬ್ಲಾಕ್ ಪಕ್ಕದ ತೂತುಗಳ ದುಂಡು ಮುಚ್ಚಳ) ತೆಗೆಸಿ ನೀರಿನ ದಾರಿ ಕ್ಲೀನ್ ಮಾಡಿಸಿ. ಆಮೇಲೆ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ.

ಪ್ರಶ್ನೆ: ಇಳಿಸಿದ ಹಳೆ ಆಯಿಲ್ ಏನು ಮಾಡಲಿ?
— ಓದುಗರು, ಬನಶಂಕರಿ

ಉತ್ತರ: ಮೋರಿಗೆ ಬಿಡಬೇಡಿ, ಮರದ ಬುಡಕ್ಕೂ ಸುರಿಯಬೇಡಿ. ಕ್ಯಾನ್‌ಗೆ ತುಂಬಿಸಿ, ನೀರು ಸೇರದ ಹಾಗೆ ಮುಚ್ಚಿ, ಹಳೆ ಆಯಿಲ್‌ಗೆ ಪರವಾನಗಿ ಇರುವ ರೀಸೈಕ್ಲಿಂಗ್‌ನವರಿಗೆ ಕೊಡುವ ಸರ್ವಿಸ್ ಸೆಂಟರ್‌ಗೆ ತಲುಪಿಸಿ.