ಸಂಪಾದಕರ ಉತ್ತರ: ಒಂದು ಜಾಹೀರಾತು ಒಂದು ಪಕ್ಷವನ್ನೇ ಮುಳುಗಿಸಿತೇ?

ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಏನಿತ್ತು ಅಂತ ಉಳಿದ ಓದುಗರಿಗೂ ಗೊತ್ತಾಗಬೇಕಲ್ವಾ? ಕಳೆದ ಸಂಚಿಕೆಯಲ್ಲಿ ನಾನು ಹೀಗೆ ಬರೆದಿದ್ದೆ: 'ಎದುರಾಳಿಯನ್ನು ಹೀಯಾಳಿಸುವ ಚುನಾವಣಾ ಜಾಹೀರಾತು ಯಾವಾಗಲೂ ಹೀಯಾಳಿಸಿದವರಿಗೇ ಬಡಿಯುತ್ತದೆ.' ಸಾಕ್ಷಿಗೆ 1993ರ ಕೆನಡಾ ಚುನಾವಣೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ನೀವು ಸರಿಯಾಗಿ ಹಿಡಿದುಕೊಂಡಿರಿ. 'ಹಾಗಿದ್ದರೆ ಇಷ್ಟೊಂದು ದುಡ್ಡು, ಇಷ್ಟೊಂದು ಬುದ್ಧಿವಂತರನ್ನು ಇಟ್ಟುಕೊಂಡ ಪಕ್ಷಗಳು ಮತ್ತೆ ಮತ್ತೆ ಅದನ್ನೇ ಯಾಕೆ ಮಾಡುತ್ತವೆ? ನಮ್ಮ ಸಮಾಧಾನಕ್ಕೆ ಸುಮ್ನೆ ಬರೆದಿರಾ?' ಎಂದು ಕೇಳಿದಿರಿ.

ಸ್ವಲ್ಪ ಹಾಗೇ ಆಗಿದೆ, ಒಪ್ಪಿಕೊಳ್ಳುತ್ತೇನೆ. ಈ ಸಲ ಕೆನಡಾ ಕಥೆಯನ್ನು ಪೂರ್ತಿ ಹೇಳುತ್ತೇನೆ.

ಆಗ ಅಧಿಕಾರದಲ್ಲಿದ್ದದ್ದು ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ. ಪ್ರಧಾನಿ ಕಿಮ್ ಕ್ಯಾಂಪ್‌ಬೆಲ್ ಆ ಕುರ್ಚಿಗೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಎದುರಿಗೆ ಲಿಬರಲ್ ಪಕ್ಷದ ಜಾನ್ ಕ್ರೆಟಿಯನ್. ಚಿಕ್ಕಂದಿನಲ್ಲಿ ಬಂದ ಬೆಲ್ಸ್ ಪಾಲ್ಸಿಯಿಂದ ಅವರ ಮುಖದ ಒಂದು ಪಕ್ಕ ಸ್ವಾಧೀನ ತಪ್ಪಿತ್ತು. ಮಾತಾಡುವಾಗ ಬಾಯಿ ಒಂದು ಕಡೆ ವಾಲುತ್ತಿತ್ತು. ಮತದಾನಕ್ಕೆ ಹನ್ನೊಂದು ದಿನ ಬಾಕಿ ಇದ್ದಾಗ, ಅಕ್ಟೋಬರ್ 14ರಂದು, ಟಿವಿಯಲ್ಲಿ ಕ್ಯಾಂಪ್‌ಬೆಲ್ ಪಕ್ಷದ ಹೊಸ ಜಾಹೀರಾತು ಬಂತು. ಅದರಲ್ಲಿ ಕ್ರೆಟಿಯನ್ ಮುಖ ಸೊಟ್ಟಗೆ ಕಾಣುವ ದೊಡ್ಡ ದೊಡ್ಡ ಫೋಟೋಗಳಿದ್ದವು. ಜೊತೆಗೆ 'ಇವರು ಪ್ರಧಾನಿಯೇ?' ಎಂಬ ಪ್ರಶ್ನೆ. ನಾವು ಕೇಳಿದ್ದು ಯೋಗ್ಯತೆಯ ಬಗ್ಗೆ, ಮುಖದ ಬಗ್ಗೆ ಅಲ್ಲ ಎಂದು ಮಾಡಿಸಿದವರು ಸಮರ್ಥಿಸಿಕೊಂಡರು. ಯಾರು ನಂಬುತ್ತಾರೆ? ಕಣ್ಣಿಗೆ ಕಂಡದ್ದು ಮುಖವೇ.

ಜನ ಸಿಟ್ಟಾದರು. ಆ ಪಕ್ಷದ ಅಭ್ಯರ್ಥಿಗಳೇ ಇದನ್ನು ತೆಗೆಯಿರಿ ಎಂದು ದುಂಬಾಲು ಬಿದ್ದರು. ಕ್ಯಾಂಪ್‌ಬೆಲ್ ಬೇಗನೇ ನಿಲ್ಲಿಸಿದರು, ಆದರೆ ಮಾತು ಕೈ ಮೀರಿತ್ತು. ಕ್ರೆಟಿಯನ್ ಕೂಗಾಡಲಿಲ್ಲ. ಇದು ದೇವರು ಕೊಟ್ಟ ಊನ, ಚಿಕ್ಕಂದಿನಿಂದ ಒಪ್ಪಿಕೊಂಡಿದ್ದೇನೆ ಎಂದರು. ಹೌದು, ನಾನು ಬಾಯಿಯ ಒಂದೇ ಕಡೆಯಿಂದ ಮಾತಾಡುತ್ತೇನೆ, ಅವರ ಹಾಗೆ ಎರಡೂ ಕಡೆಯಿಂದ ಅಲ್ಲ ಎಂದೂ ಸೇರಿಸಿದರು. ನಮ್ಮಲ್ಲಿ ಎರಡು ನಾಲಿಗೆ ಅನ್ನುತ್ತೇವಲ್ಲ, ಅದೇ ಏಟು.

1988ರಲ್ಲಿ 169 ಸ್ಥಾನ ಗೆದ್ದಿದ್ದ ಪಕ್ಷ 1993ರಲ್ಲಿ 295ರಲ್ಲಿ ಎರಡಕ್ಕೆ ಇಳಿಯಿತು. ಕ್ಯಾಂಪ್‌ಬೆಲ್ ತಮ್ಮ ಕ್ಷೇತ್ರದಲ್ಲೇ ಸೋತರು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಎಷ್ಟು ಚೆನ್ನ, ಅಲ್ವಾ? ನಾನು ಕಳೆದ ಸಲ ಮಾಡಿದ್ದು ಅದನ್ನೇ. ನಿಜ ಏನೆಂದರೆ ಆ ದೋಣಿಗೆ ಮೊದಲೇ ನೀರು ನುಗ್ಗಿತ್ತು. ಆರ್ಥಿಕತೆ ಕುಸಿದಿತ್ತು. 1991ರಲ್ಲಿ ತಂದ ಜಿಎಸ್‌ಟಿ ಮೇಲೆ ಜನರಿಗೆ ಕೋಪವಿತ್ತು. ಪಶ್ಚಿಮದಲ್ಲಿ ರಿಫಾರ್ಮ್ ಪಕ್ಷ, ಕ್ವಿಬೆಕ್ ಪ್ರಾಂತ್ಯದಲ್ಲಿ ಬ್ಲಾಕ್ ಕ್ವಿಬೆಕ್ವಾ ಪಕ್ಷ ಕ್ಯಾಂಪ್‌ಬೆಲ್ ಪಕ್ಷದ ಮತಗಳನ್ನು ಎಳೆದುಕೊಂಡಿದ್ದವು. ಅಷ್ಟಾದರೂ ಅವರಿಗೆ ಶೇ. 16ರಷ್ಟು ಮತ ಬಿದ್ದಿತ್ತು. ಮತ ಎಲ್ಲೆಡೆ ಚದುರಿ ಹೋಗಿದ್ದರಿಂದ ಸೀಟು ಎರಡೇ ಆಯಿತು. ಜಾಹೀರಾತು ದೋಣಿಗೆ ಇನ್ನೊಂದು ತೂತು ಕೊರೆಯಿತು. ಮುಳುಗಿಸಿದ್ದು ಅದೊಂದೇ ಅಲ್ಲ.

ಹಾಗಂತ ತಿರುಗೇಟು ಸುಳ್ಳಲ್ಲ. ನನಗೆ ಕಾಣುವುದು ಇಷ್ಟು: ಏಟು ಗುರಿಯಾದವರೊಬ್ಬರಿಗೇ ಬೀಳದೆ, ನೋಡುತ್ತಾ ಕೂತವರಿಗೂ ತಾಗಿದಾಗ ಅದು ವಾಪಸ್ ಬರುತ್ತದೆ. ಮುಖದಲ್ಲಿ, ಮೈಯಲ್ಲಿ ಊನ ಇರುವ ಪ್ರತಿಯೊಬ್ಬರಿಗೂ, ಅವರ ಮನೆಯವರಿಗೂ ಆ ಕೆನಡಾ ಜಾಹೀರಾತು ಚುಚ್ಚಿತು. 2015ರ ದೆಹಲಿ ಚುನಾವಣೆಯಲ್ಲಿ ಬಿಜೆಪಿಯ ಪತ್ರಿಕಾ ಜಾಹೀರಾತೊಂದು ಅರವಿಂದ್ ಕೇಜ್ರಿವಾಲರನ್ನು ಕುಟುಕಲು 'ಉಪದ್ರವಿ ಗೋತ್ರ' ಎಂಬ ಪದ ಬಳಸಿತು. ಬೈದಿದ್ದು ನನ್ನೊಬ್ಬನನ್ನಲ್ಲ, ನನ್ನ ಇಡೀ ಸಮುದಾಯವನ್ನು ಎಂದು ಅವರು ತಿರುಗಿಸಿದರು. ಆಮ್ ಆದ್ಮಿ ಪಕ್ಷ 70ರಲ್ಲಿ 67 ಗೆದ್ದಿತು. ಅದೂ ಆ ಒಂದು ಪದದಿಂದ ಅಲ್ಲ, ಮತ್ತೆ ಅದೇ ತಪ್ಪು ಮಾಡಲಾರೆ.

2008ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಸೆನೆಟರ್ ಎಲಿಜಬೆತ್ ಡೋಲ್ ಎದುರಾಳಿ ಕೇ ಹೇಗನ್ ಮೇಲೆ ಒಂದು ಜಾಹೀರಾತು ಬಿಟ್ಟರು. ಕೊನೆಯಲ್ಲಿ ಹೇಗನ್ ಚಿತ್ರ, ಹಿಂದೆ 'ದೇವರಿಲ್ಲ!' ಎನ್ನುವ ಹೆಂಗಸಿನ ದನಿ. ದನಿ ಹೇಗನ್‌ದಲ್ಲ. ಅವರು ಚರ್ಚಿನಲ್ಲಿ ಹಿರಿಯರ ಸ್ಥಾನದಲ್ಲಿದ್ದವರು, ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ ಹೇಳಿದವರು! ಕೋರ್ಟಿಗೆ ಹೋದರು, ಚುನಾವಣೆಯನ್ನೂ ಗೆದ್ದರು.

ಇನ್ನೊಂದು ಬಗೆಯ ಎಡವಟ್ಟು ನನಗೆ ಬಹಳ ಇಷ್ಟ. 2010ರಲ್ಲಿ ಬ್ರಿಟನ್ನಿನ ಲೇಬರ್ ಪಕ್ಷ ಎದುರಾಳಿ ಕನ್ಸರ್ವೇಟಿವ್ ಪಕ್ಷದ ನಾಯಕ ಡೇವಿಡ್ ಕ್ಯಾಮರೂನ್ ಅವರನ್ನು ಟಿವಿ ಧಾರಾವಾಹಿಯ ಒರಟು ಪೊಲೀಸನ ವೇಷದಲ್ಲಿ ಆಡಿ ಕ್ವಾಟ್ರೊ ಕಾರಿನ ಮೇಲೆ ಕೂರಿಸಿ ಪೋಸ್ಟರ್ ಮಾಡಿತು. ಇವರು ದೇಶವನ್ನು 1980ರ ದಶಕಕ್ಕೆ ಕರೆದೊಯ್ಯದಂತೆ ತಡೆಯಿರಿ ಎಂಬ ಬರಹ. ತೊಂದರೆ ಏನೆಂದರೆ, ಆ ಪೊಲೀಸ್ ಜನರ ಅಚ್ಚುಮೆಚ್ಚಿನ ಪಾತ್ರ. ಕನ್ಸರ್ವೇಟಿವ್ ಪಕ್ಷದವರು ಅದೇ ಚಿತ್ರ ತಗೊಂಡು, 'ಕ್ವಾಟ್ರೊ ಸ್ಟಾರ್ಟ್ ಮಾಡಿ, ಬದಲಾವಣೆಗೆ ಸಮಯವಾಯಿತು' ಎಂದು ಬರೆದು ತಮ್ಮದೇ ಪೋಸ್ಟರ್ ಮಾಡಿಕೊಂಡರು. ವೇಷ, ಕಾರು ಎಲ್ಲಾ ಲೇಬರ್ ಪಕ್ಷದ್ದು!

ಮತ್ತೆ ಪಕ್ಷಗಳು ಇದನ್ನು ಯಾಕೆ ಬಿಡುವುದಿಲ್ಲ? ಬೈಗುಳ ನೆನಪಿನಲ್ಲಿ ಉಳಿಯುತ್ತದೆ, ಅದಕ್ಕೆ. ರಾಜಕೀಯ ವಿಜ್ಞಾನಿ ರಿಚರ್ಡ್ ಲಾವ್ ಮತ್ತು ಇಬ್ಬರು ಸಂಗಡಿಗರು 2007ರಲ್ಲಿ 111 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಇಂಥ ಪ್ರಚಾರ ಜಾಸ್ತಿ ನೆನಪಿರುತ್ತದೆ, ಆದರೆ ಮತ ತರುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ, ಬೈದವರ ಮೇಲಿನ ಪ್ರೀತಿಯೂ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಕಂಡದ್ದು. ನೆನಪಿರುವುದನ್ನೇ ಗೆಲುವು ಎಂದುಕೊಳ್ಳುವುದು ಸುಲಭ.

ಅಪಾಯ ತಪ್ಪಿಸುವ ದಾರಿಯೂ ಇದೆ. ಅಮೆರಿಕದಲ್ಲಿ 2002ರ ಕಾನೂನಿನ ಪ್ರಕಾರ ಸಂಸತ್ತಿಗೆ, ಅಧ್ಯಕ್ಷ ಪದವಿಗೆ ನಿಲ್ಲುವವರು ಟಿವಿ ಜಾಹೀರಾತಿನಲ್ಲಿ ಇದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಸ್ವಂತ ದನಿಯಲ್ಲೇ ಹೇಳಬೇಕು. ಹೊರಗಿನ ಗುಂಪು ಬೈದರೆ ಆ ದನಿ ಬೇಕಿಲ್ಲ. ಬೈಗುಳ ತಲುಪುತ್ತದೆ, ಕೆಸರು ಅಭ್ಯರ್ಥಿಗೆ ಅಷ್ಟಾಗಿ ಅಂಟುವುದಿಲ್ಲ. ಇಬ್ಬರೇ ಕಣದಲ್ಲಿದ್ದರೆ ಲೆಕ್ಕ ಬೇರೆ, ಹೆಚ್ಚು ಜನರಿದ್ದರೆ ಬೇರೆ. 2004ರ ಜನವರಿಯಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಸ್ಪರ್ಧೆಯಲ್ಲಿ, ಹೊವರ್ಡ್ ಡೀನ್, ಡಿಕ್ ಗೆಫರ್ಟ್ ಒಬ್ಬರ ಮೇಲೊಬ್ಬರು ಬಿದ್ದರು. ಮೊದಲೆರಡು ಸ್ಥಾನ ಜಾನ್ ಕೆರ್ರಿ, ಜಾನ್ ಎಡ್ವರ್ಡ್ಸ್ ಪಾಲಾಯಿತು.

ಕಳೆದ ಸಂಚಿಕೆ ಇನ್ನೂ ನಿಮ್ಮ ಹತ್ತಿರ ಇದ್ದರೆ, ನನ್ನ ಆ ವಾಕ್ಯದಲ್ಲಿ 'ಯಾವಾಗಲೂ' ಎಂಬ ಪದವನ್ನು ಹೊಡೆದುಹಾಕಿ 'ಕೆಲವೊಮ್ಮೆ' ಎಂದು ಬರೆದುಕೊಳ್ಳಿ.

— ಸಂಪಾದಕ