ಡೆಟ್ರಾಯ್ಟ್ ಪಿಜ್ಜಾ ಮನೆಗೆ ತರಿಸಿ, ನ್ಯೂಯಾರ್ಕ್ ಸ್ಲೈಸ್ ಅಂಗಡಿಯಲ್ಲೇ ತಿನ್ನಿ

ಸುಮಾ ಅವರೇ,

ಮೈಸೂರಿನಿಂದ ಮಿಶಿಗನ್‌ಗೆ ಬಂದ ಮೇಲೆ ತರಿಸಿದ ಪಿಜ್ಜಾ ಎಲ್ಲ ತಳ ಒದ್ದೆಯಾಗಿಯೇ ಬರುತ್ತದೆ, ಇಲ್ಲಿ ಯಾವ ಬಗೆ ಒಳ್ಳೆಯದು, ಡೆಲಿವರಿಯವರಿಗೆ ಟಿಪ್ಸ್ ಎಷ್ಟು ಕೊಡಬೇಕು ಅಂತ ಕೇಳಿದ್ದೀರಿ. ಇಲ್ಲಿ ಉತ್ತರ ಬರೆದವರೆಲ್ಲ ತಮಗಿಷ್ಟವಾದ ಅಂಗಡಿಯ ಹೆಸರು ಹಾಕಿದ್ದಾರೆ. ಅಂಗಡಿ ಆಮೇಲೆ ನೋಡೋಣ. ಆ ಬಗೆಯ ಪಿಜ್ಜಾ ಅರ್ಧ ಗಂಟೆ ಡಬ್ಬದೊಳಗೆ ಕೂತರೆ ತಡೆಯುತ್ತದಾ ಅನ್ನೋದನ್ನು ಮೊದಲು ನೋಡಿ.

ಓವನ್‌ನಿಂದ ಇಳಿಸಿದ ಮೇಲೂ ಸಾಸ್, ಚೀಸ್ ಎರಡೂ ಹಬೆ ಬಿಡುತ್ತಲೇ ಇರುತ್ತವೆ. ಡಬ್ಬ ಮುಚ್ಚಿದರೆ ಆ ಹಬೆ ಒಳಗೇ ಸುತ್ತಿ ತಳಕ್ಕೆ ಇಳಿಯುತ್ತದೆ. ತೆರೆದಿಟ್ಟರೆ ಪಿಜ್ಜಾ ಆರಿಹೋಗುತ್ತದೆ. ಡಬ್ಬದ ಪಕ್ಕದಲ್ಲಿ ಸಣ್ಣ ತೂತುಗಳಿರುತ್ತವಲ್ಲ, ಅವು ಸ್ವಲ್ಪ ಹಬೆ ಹೋಗಲಿ ಅಂತಲೇ. ನಡುವೆ ನಿಲ್ಲಿಸುವ ಮೂರು ಕಾಲಿನ ಬಿಳಿ ಪ್ಲಾಸ್ಟಿಕ್ ಕೂಡ ಹೀಗೇ ಹುಟ್ಟಿದ್ದು. ಮುಚ್ಚಳ ಹಬೆಗೆ ಕುಸಿದು ಚೀಸ್‌ಗೆ ಅಂಟಬಾರದು ಅಂತ. ನ್ಯೂಯಾರ್ಕ್ ರಾಜ್ಯದ ಕಾರ್ಮೆಲಾ ವಿಟಾಲೆ ಅನ್ನುವವರಿಗೆ 1985ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆದರೆ ತಳದ ಸಮಸ್ಯೆಗೆ ಅದರಿಂದ ಏನೂ ಆಗುವುದಿಲ್ಲ. ಪಾರ್ಸೆಲ್ ತಂದ ಮಸಾಲೆ ದೋಸೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಇಡ್ಲಿಗೆ ಆ ತೊಂದರೆ ಇಲ್ಲ. ಪಿಜ್ಜಾದಲ್ಲೂ ಈ ಎರಡು ಜಾತಿ ಇವೆ.

ಇಡ್ಲಿ ಜಾತಿಯದ್ದು ನಿಮ್ಮ ಪಕ್ಕದಲ್ಲೇ ಹುಟ್ಟಿದೆ. ಡೆಟ್ರಾಯ್ಟ್ ಪಿಜ್ಜಾ ಅಂದರೆ ನನಗೆ ಪ್ರಾಣ, ಮುಚ್ಚಿಡುವುದಿಲ್ಲ. 1946ರಲ್ಲಿ ಬಡ್ಡೀಸ್ ಅನ್ನುವ ಕಡೆ ಶುರುವಾಯಿತು. ಕಾರು ಕಾರ್ಖಾನೆಗಳಲ್ಲಿ ಸಣ್ಣ ಬಿಡಿಭಾಗ ಹಾಕಿಡುತ್ತಿದ್ದ ನೀಲಿ ಉಕ್ಕಿನ ಚೌಕದ ತಟ್ಟೆಗಳನ್ನೇ ಪಿಜ್ಜಾಕ್ಕೆ ಬಳಸಿದರು ಅಂತ ಇಲ್ಲಿನವರೆಲ್ಲ ಹೇಳುತ್ತಾರೆ. ಹಿಟ್ಟಿಗೆ ನೀರು ಜಾಸ್ತಿ. ತಟ್ಟೆಗೆ ಎಣ್ಣೆ ಧಾರಾಳ. ವಿಸ್ಕಾನ್ಸಿನ್‌ನ ಬ್ರಿಕ್ ಚೀಸ್ ಅನ್ನು ತಟ್ಟೆಯ ಗೋಡೆಗೆ ತಾಗುವವರೆಗೂ ತುಂಬುತ್ತಾರೆ. ಬೇಯುವಾಗ ಆ ಚೀಸ್ ಗೋಡೆಗುಂಟ ಇಳಿದು ಕರಿಯುತ್ತದೆ. ಮೂಲೆ ತುಂಡು ಎತ್ತಿ ನೋಡಿ: ಎರಡು ಬದಿಯಲ್ಲಿ ಕಂದು-ಕಪ್ಪು ಜಾಲರಿ, ಮುರಿದರೆ ಚಟ್ ಅನ್ನುತ್ತದೆ, ಒಳಗೆ ಮಾತ್ರ ಹತ್ತಿ. ಸಾಸ್ ಮೇಲೆ ಪಟ್ಟಿ ಪಟ್ಟಿಯಾಗಿ ಬರುತ್ತದೆ. ತಳ ಎಣ್ಣೆಯಲ್ಲಿ ಹುರಿದಿರುವುದರಿಂದ ಹಬೆಗೆ ಬೇಗ ಸೋಲುವುದಿಲ್ಲ. ಇಪ್ಪತ್ತು ನಿಮಿಷ ಕಾರಿನಲ್ಲಿ ಕೂತು ಬಂದರೂ ತಿನ್ನುವ ಹಾಗಿರುತ್ತದೆ.

ಷಿಕಾಗೋ ಡೀಪ್ ಡಿಶ್, ಅಂದರೆ ಆಳವಾದ ತಟ್ಟೆಯಲ್ಲಿ ಬೇಯಿಸುವ ದಪ್ಪ ಪಿಜ್ಜಾ, ಅದು ಕೂಡ ಪ್ರಯಾಣ ತಡೆಯುತ್ತದೆ. 1943ರಲ್ಲಿ ಪಿಜ್ಜೇರಿಯಾ ಊನೋದಲ್ಲಿ ಶುರುವಾದದ್ದು. ಬೇಯೋಕೇ ಮುಕ್ಕಾಲು ಗಂಟೆ ಹಿಡಿಯುತ್ತದೆ, ಹಸಿದ ಮೇಲೆ ಆರ್ಡರ್ ಮಾಡಬೇಡಿ. ಅರ್ಧ ಬೇಯಿಸಿ ಕೊಡುವ ಅಂಗಡಿಗಳೂ ಇವೆ. ಅದನ್ನು ತಂದು ಮನೆ ಓವನ್‌ನಲ್ಲಿ ಮುಗಿಸುವುದು ಒಳ್ಳೆಯದು. ಆದರೆ ಷಿಕಾಗೋದವರು ವಾರದ ದಿನ ತಿನ್ನೋದು ಹೆಚ್ಚಾಗಿ ತೆಳು ಪಿಜ್ಜಾ, ಚೌಕ ಚೌಕ ಕತ್ತರಿಸಿದ್ದು. ಅದು ದೋಸೆ ಜಾತಿ.

ತೆಳುವಾದ ನ್ಯೂಯಾರ್ಕ್ ಸ್ಲೈಸ್, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನ ಕಲ್ಲಿದ್ದಲ ಓವನ್ ಪಿಜ್ಜಾ, ಇಟಲಿಯ ನೇಪಲ್ಸ್ ಶೈಲಿ, ದೋಸೆ ಜಾತಿಯ ಈ ಮೂರನ್ನೂ ದಯವಿಟ್ಟು ಮನೆಗೆ ತರಿಸಬೇಡಿ. ನೇಪಲ್ಸ್‌ನದ್ದು ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 60ರಿಂದ 90 ಸೆಕೆಂಡ್ ಬೇಯುತ್ತದೆ, ನಡುಭಾಗ ಮೊದಲೇ ಮೆತ್ತಗೆ. ಡಬ್ಬದಲ್ಲಿ ಹತ್ತು ನಿಮಿಷ ಇಟ್ಟರೆ ಮುಗಿಯಿತು. ನ್ಯೂ ಹೇವನ್‌ಗೆ ಯಾವತ್ತಾದರೂ ಹೋದರೆ ವೂಸ್ಟರ್ ಸ್ಟ್ರೀಟ್‌ನಲ್ಲಿ 1925ರಿಂದ ಇರುವ ಫ್ರ್ಯಾಂಕ್ ಪೆಪೆಯಲ್ಲಿ ಕ್ಯೂ ನಿಲ್ಲಿ. ಅಲ್ಲಿ ಬರೀ ಟೊಮೆಟೊ ಪಿಜ್ಜಾ ಕೇಳಿ. ಮೊಜರೆಲ್ಲಾ ಬೇಕಿದ್ದರೆ ಬೇರೆಯಾಗಿ ಹೇಳಬೇಕು. ನ್ಯೂಯಾರ್ಕ್‌ನಲ್ಲಿ ಸ್ಲೈಸ್ ಮಡಚಿಕೊಂಡು ನಿಂತೇ ತಿನ್ನಿ. ಅದರ ರುಚಿ ಇರೋದೇ ಆ ಐದು ನಿಮಿಷದಲ್ಲಿ.

ಇನ್ನು ಡೆಲಿವರಿ. ನನ್ನ ಮಗ ಕಾಲೇಜು ರಜೆಯಲ್ಲಿ ಇಲ್ಲಿನ ಒಂದು ಸಣ್ಣ ಪಿಜ್ಜಾ ಅಂಗಡಿಗೆ ಡೆಲಿವರಿ ಮಾಡುತ್ತಿದ್ದ. ಕಾರು ಅವನದ್ದೇ, ಇನ್ಶೂರೆನ್ಸ್ ಅವನದ್ದೇ, ಟೈರ್ ಸವೆದರೂ ಅವನದ್ದೇ. ಬಿಲ್‌ನಲ್ಲಿ ಡೆಲಿವರಿ ಫೀ ಅಂತ ಬರುತ್ತಲ್ಲ, ಅದು ಬಹುತೇಕ ಕಡೆ ಅಂಗಡಿಗೆ ಹೋಗುತ್ತದೆ, ಓಡಿಸುವವರಿಗಲ್ಲ. ಅನೇಕ ಅಂಗಡಿಗಳಲ್ಲಿ ರಸ್ತೆಯಲ್ಲಿರುವ ಹೊತ್ತಿಗೆ ಸಂಬಳದ ದರವೂ ಕಡಿಮೆ, ಟಿಪ್ಸ್ ಬರುತ್ತೆ ಅನ್ನುವ ಲೆಕ್ಕದಲ್ಲಿ. ಹಾಗಾಗಿ ನಾನು ಕನಿಷ್ಠ ಐದು ಡಾಲರ್, ದೊಡ್ಡ ಆರ್ಡರ್‌ಗೆ ಶೇಕಡಾ 20 ಕೊಡುತ್ತೇನೆ. ಹಿಮ ಬೀಳುತ್ತಿದ್ದರೆ ಇನ್ನೂ ಜಾಸ್ತಿ. ಊರಲ್ಲಿ ಈ ಅಭ್ಯಾಸ ಇರಲಿಲ್ಲ, ನಿಜ. ಇಲ್ಲಿ ಅದು ಅವರ ಸಂಬಳದ ಭಾಗ.

ರಾತ್ರಿ ಮನೆ ನಂಬರ್ ಕಾಣದೆ ಕತ್ತಲಲ್ಲಿ ಹುಡುಕೋದರಲ್ಲೇ ಪಿಜ್ಜಾ ಆರಿಹೋಗುತ್ತದೆ ಅಂತ ಮಗ ಹೇಳುತ್ತಿದ್ದ. ಹೊರಗಿನ ಲೈಟ್ ಹಾಕಿಡಿ, ಅಪಾರ್ಟ್‌ಮೆಂಟ್ ಆದರೆ ಗೇಟ್ ಕೋಡ್ ಬರೆದಿಡಿ. ತಡವಾಯಿತು ಅಂತ ಅವರ ಮೇಲೆ ರೇಗಬೇಡಿ. ನಿಮ್ಮ ಪಕ್ಕದ ಇಪ್ಸಿಲಾಂಟಿಯಲ್ಲಿ 1960ರಲ್ಲಿ ಶುರುವಾದ ಡೊಮಿನೋಸ್‌ನ '30 ನಿಮಿಷದಲ್ಲಿ ತಲುಪಿಸುತ್ತೇವೆ' ಅನ್ನುವ ಮಾತು ನೆನಪಿದೆಯಲ್ಲ? ಅಮೆರಿಕದಲ್ಲಿ ಅಪಘಾತದ ಮೊಕದ್ದಮೆಗಳಾದ ಮೇಲೆ 1993ರಲ್ಲಿ ಅದನ್ನು ಕೈಬಿಟ್ಟರು. ಗಡಿಯಾರ ನೋಡಿಕೊಂಡು ಗಾಡಿ ಓಡಿಸಿದರೆ ಏನಾಗುತ್ತೆ ಅನ್ನೋದು ನಮಗೂ ಬೆಂಗಳೂರಿನ ರಸ್ತೆಗಳಲ್ಲಿ ಕಾಣುತ್ತದೆ.

ಹತ್ತಿರವಿದ್ದರೆ ನೀವೇ ಹೋಗಿ ತನ್ನಿ. ಫೋನ್‌ನಲ್ಲೇ ಎರಡು ಮಾತು ಹೇಳಿ: 'ವೆಲ್ ಡನ್' ಮಾಡಿ (ಅಂದರೆ ಇನ್ನೂ ಸ್ವಲ್ಪ ಹೊತ್ತು ಬೇಯಿಸಿ), ಕತ್ತರಿಸಬೇಡಿ. ಕತ್ತರಿಸಿದ ಗೆರೆಗಳಲ್ಲೇ ಸಾಸ್, ಎಣ್ಣೆ ತಳಕ್ಕೆ ಇಳಿಯೋದು. ಕಾರಿನಲ್ಲಿ ಡಬ್ಬ ಸಮತಟ್ಟಾಗಿರಲಿ, ಓರೆಯಾದ ಸೀಟಿನ ಮೇಲೆ ಬೇಡ. ಮುಚ್ಚಳ ಒಂದು ಬೆರಳಿನಷ್ಟು ತೆರೆದಿರಲಿ.

ಒದ್ದೆಯಾಗಿಯೇ ಬಂತು ಅಂದುಕೊಳ್ಳಿ. ಮೈಕ್ರೋವೇವ್ ಬೇಡವೇ ಬೇಡ. ಕಬ್ಬಿಣದ ಕಾವಲಿ ಮಧ್ಯಮ ಉರಿಯಲ್ಲಿ ಕಾಯಿಸಿ, ತುಂಡು ಇಟ್ಟು ಎರಡು ನಿಮಿಷ ಬಿಡಿ. ತಳ ಗರಿಯಾದ ಮೇಲೆ ಪಕ್ಕಕ್ಕೆ ನಾಲ್ಕು ಹನಿ ನೀರು ಹಾಕಿ ಮುಚ್ಚಿ, ಒಂದು ನಿಮಿಷ. ಚೀಸ್ ಕರಗುತ್ತದೆ, ತಳ ಗರಿಯಾಗಿಯೇ ಇರುತ್ತದೆ.

ನೀವು ಸಸ್ಯಾಹಾರಿ ಅಂತ ಬರೆದಿದ್ದೀರಿ. ಚೀಸ್ ಪಿಜ್ಜಾ ಅಂದ ಕೂಡಲೇ ನಿಶ್ಚಿಂತೆ ಬೇಡ. ಮೇಲೆ ಉದುರಿಸುವ ಪೆಕೊರಿನೊ ರೊಮಾನೊ, ಇಟಲಿಯ ಪಾರ್ಮಿಜಾನೊ ಎರಡಕ್ಕೂ ಹಾಲು ಒಡೆಸಲು ಕುರಿಮರಿ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕೆಲವು ಅಂಗಡಿಗಳ ಸಾಸ್‌ನಲ್ಲಿ ಆಂಚೋವಿ ಮೀನು ಇರುತ್ತದೆ. ಫೋನ್ ಮಾಡಿ 'ಮೇಲೆ ಉದುರಿಸುವ ಚೀಸ್ ಬೇಡ, ಸಾಸ್‌ನಲ್ಲಿ ಮೀನು ಇದೆಯಾ' ಅಂತ ಕೇಳಿ. ಮೊಜರೆಲ್ಲಾದ ರೆನೆಟ್ ಯಾವುದು ಅಂತಲೂ ಕೇಳಿ. ಸಣ್ಣ ಅಂಗಡಿಯವರಾದರೆ ಚೀಸ್ ಪ್ಯಾಕೆಟ್ ತೆಗೆದು ಓದಿಯೇ ಹೇಳುತ್ತಾರೆ.